ಮಾರ್ದನಿ

ಬಾವಿಯ ಆಳವನ್ನು ತಿಳಿಯಬೇಕಾದರೆ ಹಳ್ಳಿಯ ಹುಡುಗರು ಅದರೊಳಗೆ ಒಂದು ಕಲ್ಲನ್ನೆಸೆದು ಕಿವಿಗೊಟ್ಟು ನಿಲ್ಲುವುದುಂಟು. ಸದ್ದು ಬೇಗನೆ ಬಂದರೆ ನೀರು ಮೇಲಿದೆ, ತಡವಾದರೆ ಆಳದಲ್ಲಿದೆ. ಈ ಶಾಸ್ತ್ರವನ್ನೇ ನಾನು ಅರುವತ್ತು ದಾಟಿದ ಮೇಲೆ ಗಣಕಯಂತ್ರದ ಮುಂದೆ ಕುಳಿತು ಮತ್ತೊಮ್ಮೆ ಕಲಿಯಬೇಕಾಯಿತು.

ಅದಕ್ಕೆ ಕಾರಣವಾದುದು ನನ್ನ ಮಗನ ಮೌನ. ಪರದೇಶದಲ್ಲಿರುವ ಅವನು ಭಾನುವಾರದ ರಾತ್ರಿ ನಮ್ಮೊಡನೆ ಮಾತನಾಡುವುದು ರೂಢಿ. ಕೆಲವು ತಿಂಗಳಿಂದ ಅವನ ಮಾತು ತುಂಡುತುಂಡಾಗಿ ಕೇಳಿಸುತ್ತಿತ್ತು. ನನ್ನ ಪ್ರಶ್ನೆಗಳಿಗೆ ಉತ್ತರವೇ ಬರುತ್ತಿರಲಿಲ್ಲ. “ಮದುವೆಯ ಮಾತೆತ್ತಿದರೆ ಸಾಕು, ಇವನಿಗೆ ಕಿವುಡು ಬರುತ್ತದೆ” ಎಂದು ನಾನು ಸಿಡುಕುವೆನು. “ಪಾಪ, ಕೇಳಿಸಿರಲಾರದು” ಎಂದು ನನ್ನಾಕೆ ಸಮಾಧಾನ ಹೇಳುವಳು. ಒಂದು ರಾತ್ರಿ ನಾಲ್ಕು ಕಠಿನವಾದ ಮಾತುಗಳನ್ನಾಡಿ ಎದ್ದುಬಿಟ್ಟೆನು. ಮುಂದಿನ ಭಾನುವಾರ ಕರೆ ಬರಲಿಲ್ಲ.

ಹಿಂದೆ ನನ್ನಲ್ಲಿ ಪಾಠ ಕಲಿತಿದ್ದ ನೆರೆಮನೆಯ ಹುಡುಗನು ಬಂದು, “ಮೇಷ್ಟ್ರೇ, ಪಿಂಗ್ ಮಾಡಿ ನೋಡೋಣ” ಎಂದನು. ಪಿಂಗ್ ಎಂಬುದು 1983ರ ಡಿಸೆಂಬರಿನಲ್ಲಿ ಅಮೆರಿಕೆಯ ಮೈಕ್ ಮ್ಯೂಸ್ ಎಂಬಾತನು ರಚಿಸಿದ ಸಣ್ಣ ಸಾಧನ. ಜಲಾಂತರ್ಗಾಮಿಗಳನ್ನು ಅರಸಲು ನೀರಿನಲ್ಲಿ ಹೊರಡಿಸುವ ಸದ್ದೇ ಅದರ ಹೆಸರು. ಒಂದು ಪರೀಕ್ಷಾ ಪ್ಯಾಕೆಟ್ಟನ್ನು ಕಳುಹುವುದು, ಅದು ಮಾರ್ದನಿಯಂತೆ ಹಿಂದಿರುಗಲು ಹಿಡಿದ ಕಾಲವನ್ನು ಅಳೆಯುವುದು, ಇಷ್ಟೇ ಅದರ ಕೆಲಸ.

ನಾವು ಗೊತ್ತುಮಾಡಬೇಕಾದುದು ವಿಳಾಸ, ಸಂಖ್ಯೆ, ಗಾತ್ರಗಳನ್ನು. ವಿಂಡೋಸ್ ತಾನಾಗಿ 32 ಬೈಟುಗಳ 4 ಪ್ಯಾಕೆಟ್ಟುಗಳನ್ನು ಮಾತ್ರ ಕಳುಹುತ್ತದೆ. ನಾಲ್ಕೂ ಕ್ಷೇಮವಾಗಿ ಮರಳಿದವು. “ನೋಡು, ದೋಷ ನಮ್ಮ ಮನೆಯದಲ್ಲ” ಎಂದೆನು. ಹುಡುಗನು ನಕ್ಕು, “ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಕು, ಇದಕ್ಕೆ ಸಾಲದು” ಎಂದನು. ಸಾಮಾನ್ಯವಾದ 1500 ಬೈಟುಗಳ ಮಿತಿಯಲ್ಲಿ 28 ಬೈಟುಗಳು ತಲೆಬರಹಕ್ಕೇ ಹೋಗುವುವು. ಉಳಿದ 1472ನ್ನು ಮೀರಿದರೆ ಪ್ಯಾಕೆಟ್ಟು ಒಡೆಯುವುದು. ಆದುದರಿಂದ ಗಾತ್ರವನ್ನು 1400 ಎಂದೂ ಸಂಖ್ಯೆಯನ್ನು 200 ಎಂದೂ ಇಟ್ಟು, ದೂರದ ವಿಳಾಸವನ್ನು ಬಿಟ್ಟು ನಮ್ಮ ಮನೆಯ ರೂಟರಿಗೇ ಕಳುಹಿಸಿದನು. 31 ಮರಳಲಿಲ್ಲ! ತಂತಿ ಸಿಕ್ಕಿಸಿ ಮತ್ತೆ ಕಳುಹಿಸಲು ಒಂದೂ ಕಳೆಯಲಿಲ್ಲ. ದೋಷವಿದ್ದುದು ರೂಟರಿಗೂ ನನ್ನ ಮೇಜಿಗೂ ನಡುವಣ ಗಾಳಿಯಲ್ಲಿ.

ದೇವರ ಪಟದ ಬಳಿ ಅದರ ದೀಪಗಳು ಮಿನುಗುವುದು ಸರಿಯಲ್ಲವೆಂದು ಅದನ್ನು ಉಕ್ಕಿನ ಬೀರುವಿನ ಹಿಂದೆ ಇರಿಸಿದವನು ನಾನೇ. ರೇಡಿಯೋ ಅಲೆಗಳಿಗೆ ಲೋಹವು ಗೋಡೆಗಿಂತಲೂ ದೊಡ್ಡ ಅಡ್ಡಿ. ರೂಟರನ್ನು ಬೀರುವಿನ ಮೇಲಕ್ಕೆ ಏರಿಸಿದೆವು. ಇನ್ನೂರೂ ಮರಳಿ ಬಂದವು.

ಆ ರಾತ್ರಿ ನಾನೇ ಮೊದಲು ಕರೆದೆನು. ಮಗನ ದನಿ ಎದುರಿಗೆ ಕುಳಿತಂತೆ ಸ್ಪಷ್ಟವಾಗಿತ್ತು. “ನಾನು ಉತ್ತರ ಹೇಳುತ್ತಲೇ ಇದ್ದೆ, ಅಪ್ಪ. ನೀವೇ ಎದ್ದು ಹೋದಿರಿ” ಎಂದನು. ನಾನು ತುಸು ಹೊತ್ತು ಸುಮ್ಮನಿದ್ದೆನು. ಅವನು ಗಾಬರಿಗೊಂಡು, “ಕೇಳಿಸುತ್ತಿದೆಯೇ?” ಎಂದು ವಿಚಾರಿಸಿದನು. ಅಷ್ಟು ತಿಂಗಳಲ್ಲಿ ನಾನು ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು.

“ಈಗ ಕೇಳಿಸುತ್ತಿದೆ, ಹೇಳು ಮಗು” ಎಂದೆನು.