ಯಾವ ಮದ್ದು, ಯಾವ ಎಣ್ಣೆ?

ಕನ್ನಡದಲ್ಲಿ ‘ಮದ್ದು’ ಎಂಬುದು ಬಹಳ ದುಡಿದ ಪದ. ನಮ್ಮ ಕರಾವಳಿಯಲ್ಲಿ ಜ್ವರಕ್ಕೆ ಕುಡಿಯುವುದೂ ಮದ್ದೇ, ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬಿಡುವ ಮೈಲುತುತ್ತಿನ ದ್ರಾವಣವೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ. ಆಗದವರು ಊಟದಲ್ಲಿ ಬೆರೆಸಿ ಕೊಟ್ಟರೆಂದು ಹಳ್ಳಿಯವರು ಶಂಕಿಸುವುದು ಕೈಮದ್ದು. ಅದನ್ನು ಕಕ್ಕಿಸಲೆಂದು ಕೊಡುವುದು ಮತ್ತೊಂದು ಮದ್ದು. ಘಟ್ಟ ಹತ್ತಿ ಉತ್ತರಕ್ಕೆ ಹೋದರೆ ಹೊಲಕ್ಕೆ ಹೊಡೆಯುವ ಕೀಟನಾಶಕದ ಹೆಸರು ‘ಎಣ್ಣಿ’. ಅದೇ ಎಣ್ಣೆ ಬೆಂಗಳೂರಿನ ಹುಡುಗರ ಬಾಯಲ್ಲಿ ಮದ್ಯ. ಊರಿನಲ್ಲಿರುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಹೇಳುವವರಿಗೂ ಕೇಳುವವರಿಗೂ ಸಂದರ್ಭವೇ ಅರ್ಥವನ್ನು ಕೊಡುತ್ತದೆ. ಆದರೆ ಮುಂಬಯಿಯಂಥ ಊರಿನಲ್ಲಿ, ನಡುರಾತ್ರಿಯಲ್ಲಿ, ಅಪಘಾತ ವಿಭಾಗದ ಬಾಗಿಲಲ್ಲಿ ಈ ಪದಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಬೇಕಾದಾಗ ಒಬ್ಬನ ಪ್ರಾಣ ಆ ದಾಟುವಿಕೆಯನ್ನೇ ಅವಲಂಬಿಸಿರಬಹುದು.

ಪಶ್ಚಿಮ ಉಪನಗರದ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ನಾನು ಬಹುಕಾಲ ಕೆಲಸ ಮಾಡಿದವನು. ಔಷಧಿ ಕೊಡುವುದು ನನ್ನ ಉದ್ಯೋಗವಾದರೂ ಅದರ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಅಂಟಿಕೊಂಡಿತ್ತು. ಕನ್ನಡ ಅಥವಾ ತುಳು ಮಾತ್ರ ಬಲ್ಲ ರೋಗಿ ಬಂದರೆ ‘ಆ ಮದ್ರಾಸಿ ಔಷಧದವನನ್ನು ಕರೆಯಿರಿ’ ಎಂದು ಹೇಳಿಕಳುಹಿಸುತ್ತಿದ್ದರು. ಕರಾವಳಿಯ ಹೊಟೇಲು ಹುಡುಗರು, ವಿಜಯಪುರ, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು, ಮಗನ ಮನೆಗೆ ಬಂದು ಎರಡು ತಿಂಗಳು ಇರಲಾರದೆ ಇದ್ದ ಮುದುಕಿಯರು, ಇವರೆಲ್ಲರ ನೋವನ್ನು ನಾನು ಹಿಂದಿಗೂ ಮರಾಠಿಗೂ ತಿರುಗಿಸಿದ್ದೇನೆ. ಸಾಹಿತ್ಯದ ಅನುವಾದದಲ್ಲಿ ಒಂದು ಪದ ತಪ್ಪಿದರೆ ವಿಮರ್ಶಕರು ಎತ್ತಿ ಆಡುತ್ತಾರೆ. ಈ ಅನುವಾದಕ್ಕೆ ವಿಮರ್ಶಕರಿಲ್ಲ.

ಒಂದು ರಾತ್ರಿ ಕಟ್ಟಡದ ಕೆಲಸದ ತಾಯಿಯೊಬ್ಬಳು ಇಪ್ಪತ್ತರ ಹರೆಯದ ಮಗನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದಳು. ‘ಎಣ್ಣಿ ಕುಡದಾನ್ರೀ, ನನ್ನ ಮಗಾ ಎಣ್ಣಿ ಕುಡದಾನ್ರೀ’ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅಲ್ಲಿದ್ದ ಯಾರೋ ಒಬ್ಬ ಹುಡುಗ, ಬೆಂಗಳೂರಿನ ಕಡೆಯವನಿರಬೇಕು, ಉಪಕಾರ ಬುದ್ಧಿಯಿಂದಲೇ ‘ದಾರೂ ಪೀಯಾ ಹೈ’ ಎಂದು ತಿರುಗಿಸಿ ಹೇಳಿದ. ಶನಿವಾರದ ರಾತ್ರಿ ಕುಡಿದು ಬಂದವರ ಸಾಲಿಗೆ ಕೊರತೆಯಿರಲಿಲ್ಲ. ಇವನನ್ನೂ ಆ ಸಾಲಿನ ಬೆಂಚಿನ ಮೇಲೆ ಮಲಗಿಸಿದರು. ನಾನು ಹೋದಾಗ ತಾಯಿ ಅದೇ ಮಾತನ್ನು ಹೇಳುತ್ತಿದ್ದಳು.

‘ಯಾವ ಎಣ್ಣೆಯಮ್ಮಾ? ಹೊಲಕ್ಕೆ ಹೊಡೆಯುವುದೋ?’ ಎಂದು ಕೇಳಿದೆ.

‘ಹೊಲಕ್ಕ ಹೊಡಿಯೂದಲ್ರೀ ಅಣ್ಣಾರ, ತಿಗಣಿಗೆ ಹೊಡಿಯೂದು.’

ಇದನ್ನು ಡಾಕ್ಟರಿಗೆ ಹೇಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವರು ಟಾರ್ಚು ಹಿಡಿದು ಹುಡುಗನ ಕಣ್ಣು ನೋಡಿದರು. ಪಾಪೆಗಳು ಸಾಸಿವೆಯಷ್ಟಾಗಿದ್ದವು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ. ಆಮೇಲೆ ನಡೆದದ್ದು ಮಾತಿನ ಕೆಲಸವಲ್ಲ. ಬಟ್ಟೆ ಬಿಚ್ಚಿ ಮೈ ತೊಳೆದರು, ಆಮ್ಲಜನಕ ಹಚ್ಚಿದರು, ನನ್ನ ಕಪಾಟಿನಲ್ಲಿದ್ದ ಅಟ್ರೋಪಿನ್ ಆಂಪೂಲುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಹೊರಟವು. ಹುಡುಗ ಬದುಕಿಕೊಂಡ.

ಆ ಅಟ್ರೋಪಿನ್ ಎಂಬುದು ಸ್ವತಃ ವಿಷವೇ. ಬೆಲ್ಲಡೋನ ಎಂಬ ಗಿಡದಿಂದ ತೆಗೆಯುವ ಸಾರ. ಆರೋಗ್ಯವಂತನಿಗೆ ಹೆಚ್ಚಾಗಿ ಕೊಟ್ಟರೆ ಬಾಯಿ ಒಣಗಿ, ಎದೆ ಬಡಿದು, ಬುದ್ಧಿ ಭ್ರಮಿಸುತ್ತದೆ. ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕಗಳು ಮಾಡುವುದು ಇದರ ಉಲ್ಟಾ. ನರಗಳು ಸಂದೇಶ ಕಳುಹಿಸಿದ ಮೇಲೆ ಅದನ್ನು ಅಳಿಸಿಹಾಕುವ ಕಿಣ್ವವೊಂದು ದೇಹದಲ್ಲಿದೆ; ಈ ವಿಷ ಅದನ್ನು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ದೇಹದ ನಲ್ಲಿಗಳೆಲ್ಲ ಒಟ್ಟಿಗೆ ತೆರೆದುಕೊಂಡಂತಾಗಿ ಶ್ವಾಸಕೋಶವೇ ನೀರಾಗುತ್ತದೆ. ಅಟ್ರೋಪಿನ್ ಆ ನಲ್ಲಿಗಳನ್ನು ಮುಚ್ಚುತ್ತದೆ. ಎದೆಯ ಗೊರಗೊರ ಅಡಗುವವರೆಗೆ ವೈದ್ಯರು ಅದನ್ನು ಮತ್ತೆ ಮತ್ತೆ ಕೊಡುತ್ತಾರೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ಉಂಡವರ ಮೈಯಲ್ಲಿ ನಡೆದದ್ದೂ ಇದೇ. ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯಲ್ಲಿ ರೋಗಿಗಳನ್ನು ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿದರು. ಕೃತಕ ಉಸಿರಾಟದ ಯಂತ್ರಗಳು ಅನೇಕರನ್ನು ಉಳಿಸಿದವು, 17 ಮಂದಿ ಉಳಿಯಲಿಲ್ಲ. ದೇವರ ಪ್ರಸಾದವೂ ವಿಷವಾಗಬಲ್ಲದು, ಗಿಡದ ವಿಷವೂ ಪ್ರಸಾದವಾಗಬಲ್ಲದು.

ಔಷಧಿಯ ಸೀಸೆಯೇ ವಿಷವಾದ ಕಥೆಯೂ ಮುಂಬಯಿಯದೇ. 1986ರ ಆರಂಭದಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಪಡೆದ 14 ರೋಗಿಗಳು ತೀರಿಕೊಂಡರು. ಅದರಲ್ಲಿ ಡೈ-ಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ ಸೇರಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿ ಔಷಧಿ ಖರೀದಿ, ಪರೀಕ್ಷೆಗಳ ಒಳಗಿನ ಕೊಳೆಯನ್ನು ಬಯಲಿಗೆ ತಂದಿತು. ನಮ್ಮ ವೃತ್ತಿಯವರಿಗೆ ಅದೊಂದು ಪಾಠ: ಚೀಟಿಯ ಮೇಲೆ ಬರೆದ ಹೆಸರು ಬೇರೆ, ಸೀಸೆಯೊಳಗಿರುವ ವಸ್ತು ಬೇರೆ ಇರಬಹುದು. ‘ಯಾವ ಮದ್ದು’ ಎಂಬ ಪ್ರಶ್ನೆಯನ್ನು ಮದ್ದಿನ ಅಂಗಡಿಯಲ್ಲೂ ಕೇಳಬೇಕು.

ಈ ಪ್ರಶ್ನೆಯನ್ನು ಕೇಳುವುದಕ್ಕೇ ತಡವಾದ ದೊಡ್ಡ ದುರಂತ ಮಲಾಡಿನ ಮಾಲ್ವಣಿಯದು. 2015ರ ಜೂನ್ ತಿಂಗಳ ನಡುವೆ ಅಲ್ಲಿಯ ಲಕ್ಷ್ಮೀನಗರದ ಬಡವರು ದಿನದ ದಣಿವಿಗೆ ಕುಡಿದ ಅಗ್ಗದ ಸಾರಾಯಿಯಲ್ಲಿ ಮೆಥನಾಲ್ ಇತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಒಂಬತ್ತು ವರ್ಷಗಳ ಬಳಿಕ, 2024ರಲ್ಲಿ, ಸೆಷನ್ಸ್ ನ್ಯಾಯಾಲಯ ನಾಲ್ವರನ್ನು ಅಪರಾಧಿಗಳೆಂದು ತೀರ್ಮಾನಿಸಿತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡದ್ದೂ ಇದೇ ಮೆಥನಾಲ್.

ಮೆಥನಾಲ್ ಕುಡಿದ ಕೂಡಲೇ ಕೊಲ್ಲುವುದಿಲ್ಲ. ಮೊದಮೊದಲು ಅದು ಮಾಮೂಲಿ ಅಮಲಿನಂತೆಯೇ ಇರುತ್ತದೆ. ಯಕೃತ್ತಿನ ಕಿಣ್ವವೊಂದು ಅದನ್ನು ಮೆಲ್ಲಮೆಲ್ಲನೆ ಫಾರ್ಮಾಲ್ಡಿಹೈಡ್ ಆಗಿ, ಅಲ್ಲಿಂದ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಆಮ್ಲವೇ ನಿಜವಾದ ವಿಷ. ಹನ್ನೆರಡು ಗಂಟೆಯೋ ಇಪ್ಪತ್ತನಾಲ್ಕು ಗಂಟೆಯೋ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು. ಕಣ್ಣ ಮುಂದೆ ಮಂಜು ಕವಿದಂತೆ. ರಾತ್ರಿ ಕುಡಿದವನಿಗೆ ಮರುದಿನ ಹೀಗಾದರೆ ಅವನೂ ಮನೆಯವರೂ ಅದನ್ನು ರಾತ್ರಿಯ ಕುಡಿತದ ಇಳಿತವೆಂದೇ ಬಗೆಯುತ್ತಾರೆ. ಮಲಗಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಗೆ ಮಲಗಿದ ಹೊತ್ತಿನಲ್ಲಿ ಕಣ್ಣಿನ ನರ ಸಾಯುತ್ತಿರುತ್ತದೆ.

ಇದಕ್ಕೆ ಮದ್ದು ಇಲ್ಲವೇ? ಇದೆ, ಅದೂ ವಿಚಿತ್ರವಾದದ್ದು. ಶುದ್ಧ ಎಥನಾಲ್, ಅಂದರೆ ಮದ್ಯದೊಳಗಿನ ಅಸಲಿ ಆಲ್ಕೊಹಾಲ್. ಆ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲಿನ ಮೇಲೆ ಒಲವು ಹೆಚ್ಚು. ಎಥನಾಲ್ ಬಂದು ಅದನ್ನು ಹಿಡಿದುಕೊಂಡರೆ ಮೆಥನಾಲ್ ಮಾರ್ಪಡದೆ ಹಾಗೆಯೇ ಉಳಿಯುತ್ತದೆ. ಡಯಾಲಿಸಿಸ್ ಯಂತ್ರ ಅದನ್ನು ರಕ್ತದಿಂದ ಹೊರಹಾಕುತ್ತದೆ, ಸೋಡಾ ಬೈಕಾರ್ಬೊನೇಟ್ ಆಮ್ಲವನ್ನು ಶಮನ ಮಾಡುತ್ತದೆ. ಇದು ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಡಬೇಕಾದ ಚಿಕಿತ್ಸೆ, ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಇದನ್ನು ಮೊದಲ ಸಲ ತಿಳಿದಾಗ ನನಗೆ ನೆನಪಾದದ್ದು ನಂಜನಗೂಡಿನ ನಂಜುಂಡ. ಹಾಲಾಹಲ ಕುಡಿದ ಶಿವನ ಕೊರಳನ್ನು ಪಾರ್ವತಿ ಹಿಡಿದಳಂತೆ. ವಿಷ ಅಲ್ಲಿಯೇ ನಿಂತಿತು. ಅವಳು ವಿಷವನ್ನು ನಾಶ ಮಾಡಲಿಲ್ಲ, ಇಳಿಯಲು ಬಿಡಲಿಲ್ಲ, ಅಷ್ಟೆ. ಪ್ರತಿವಿಷದ ಕೆಲಸವೂ ಬಹುಮಟ್ಟಿಗೆ ಇದೇ. ಆದರೆ ಪಾರ್ವತಿ ಪಕ್ಕದಲ್ಲೇ ಇದ್ದಳು, ಗಂಡ ಕುಡಿದದ್ದು ಏನೆಂದು ಅವಳಿಗೆ ಗೊತ್ತಿತ್ತು. ವಿಷ ಗಂಟಲು ದಾಟಿದ ಮೇಲೆ ಕೈಯಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಮಾಲ್ವಣಿಯ ಸುದ್ದಿಯನ್ನು ಓದುವಾಗಲೂ, ನನ್ನ ಕಿಟಕಿಯಾಚೆ ಕಂಡ ನೂರಾರು ಮುಖಗಳನ್ನು ನೆನೆಯುವಾಗಲೂ ನನಗೆ ತೋರುವುದು ಒಂದೇ: ವಿಷ ಕೊಡುವ ಅವಧಿಯನ್ನು ನಾಚಿಕೆ ತಿಂದುಹಾಕುತ್ತದೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿನಂಥ ಸಾಧು ಮಾತ್ರೆಯೂ ಅತಿಯಾದರೆ ಮೊದಲ ದಿನ ಹೆಚ್ಚೇನೂ ತೋರಿಸುವುದಿಲ್ಲ. ಯಕೃತ್ತು ಕೆಟ್ಟದ್ದು ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಅದರ ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಮೊದಲ ಎಂಟು ಗಂಟೆಗಳೊಳಗೆ ಸಿಕ್ಕಿದರೆ ಬಹುಪಾಲು ಕಾಪಾಡುತ್ತದೆ. ಬ್ರೌನ್ ಶುಗರ್ ಸೇದಿ ಉಸಿರು ನಿಲ್ಲುತ್ತಿರುವ ಹುಡುಗನನ್ನು ನಲೊಕ್ಸೋನ್ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಎಬ್ಬಿಸಬಲ್ಲದು. ಆದರೆ ಅದರ ಪ್ರಭಾವ ಬೇಗ ಇಳಿಯುವುದರಿಂದ ಅವನನ್ನು ಕಾದು ಕೂರಬೇಕು. ಇವೆಲ್ಲ ಇವೆ. ಇಲ್ಲದಿರುವುದು ಬಾಯಿಬಿಟ್ಟು ಹೇಳುವವರು. ಕುಡಿದೆನೆಂದು ಹೇಳಲು ಕೂಲಿಯವನಿಗೆ ಪೊಲೀಸರ ಭಯ. 1949ರ ಕಾನೂನಿನ ಪ್ರಕಾರ ಮಹಾರಾಷ್ಟ್ರದಲ್ಲಿ ಮದ್ಯ ಕುಡಿಯಲು ಇಂದಿಗೂ ಪರವಾನಗಿ ಬೇಕಲ್ಲ! ಗೆಳೆಯನನ್ನು ಬಾಗಿಲಲ್ಲಿ ಇಳಿಸಿ ಓಡಿಹೋಗುವ ಹುಡುಗರಿಗೂ ಅದೇ ಭಯ. ಮಧ್ಯಮವರ್ಗದ ನಮಗೆ ಮರ್ಯಾದೆಯ ಭಯ. ಮಗಳು ಮಾತ್ರೆ ನುಂಗಿದ್ದನ್ನು ‘ಫುಡ್ ಪಾಯಿಸನ್’ ಎಂದು ಬರೆಸುತ್ತೇವೆ. ಮದುವೆಯ ಮಾತು ನಡೆದಿದೆ, ಊರಿಗೆ ತಿಳಿದರೆ ಏನು ಗತಿ ಎಂದು ಗುಟ್ಟಾಗಿ ಅಂಗಲಾಚುವ ತಂದೆಯರನ್ನು ನಾನು ಕಂಡಿದ್ದೇನೆ. ಅವರು ಕೆಟ್ಟವರಲ್ಲ. ಆದರೆ ಸುಳ್ಳು ರೋಗಕ್ಕೆ ಕೊಟ್ಟ ನಿಜವಾದ ಔಷಧಿಯಿಂದ ಏನೂ ಪ್ರಯೋಜನವಿಲ್ಲ.

ಭಯಪಡುವವರಿಗೆ ಕಾನೂನು ಈಗ ಅಷ್ಟು ಕಠೋರವಾಗಿಲ್ಲವೆಂಬುದನ್ನು ಹೇಳಬೇಕು. ಪೊಲೀಸರು ಬರುವವರೆಗೆ ಕಾಯದೆ ಮೊದಲು ಪ್ರಾಣ ಉಳಿಸುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ಹೇಳಿದೆ. ಪ್ರಾಣ ಕಳೆದುಕೊಳ್ಳಲು ಹೊರಟವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ದಂಡಿಸಕೂಡದು, ಸರಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮು ಹೇಳುತ್ತದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಪೇದೆಯೊಬ್ಬರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ, ನಿಜ. ಆ ಒಂದು ಗಂಟೆಯ ಮುಜುಗರ ಒಂದು ಜೀವಕ್ಕಿಂತ ದೊಡ್ಡದಲ್ಲ.

ಇನ್ನು ಮನೆಯಲ್ಲಿ ಮಾಡುವ ಉಪಚಾರ. ಉಪ್ಪುನೀರು, ಹುಣಸೆನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳೆಯ ವಾಡಿಕೆ. ಅದು ಬೇಡ. ಸೀಮೆಎಣ್ಣೆ, ಆಮ್ಲ ಮುಂತಾದವು ಹೊರಬರುವಾಗ ಮತ್ತೊಮ್ಮೆ ಸುಡುತ್ತವೆ, ಶ್ವಾಸಕೋಶಕ್ಕೂ ನುಗ್ಗುತ್ತವೆ. ಮಂಪರಿನಲ್ಲಿರುವವನಿಗೆ ವಾಂತಿಯೇ ಉಸಿರುಗಟ್ಟಿಸುತ್ತದೆ. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಸೀಸೆಯೋ ಮಾತ್ರೆಯ ಖಾಲಿ ಪಟ್ಟಿಯೋ ಏನು ಸಿಕ್ಕುತ್ತದೆಯೋ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಡಬೇಕು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಮನಸ್ಸು ಕುಸಿದು ಅಂಥ ಯೋಚನೆ ಸುಳಿಯುತ್ತಿರುವವರಿಗೆ ಟೆಲಿ-ಮಾನಸ್ 14416 ಹಗಲಿರುಳೂ ಇದೆ; ಕನ್ನಡದಲ್ಲೂ ಮಾತಾಡಬಹುದು. ನೋವನ್ನು ಹಿಂದಿಗೆ ತಿರುಗಿಸಿ ಹೇಳುವ ಶ್ರಮವೊಂದಾದರೂ ತಪ್ಪುತ್ತದೆ.

ಮುಂಬಯಿಯ ಕನ್ನಡ ಸಂಘಗಳು ತಾಳಮದ್ದಳೆ, ಕವಿಗೋಷ್ಠಿ, ಪುಸ್ತಕ ಬಿಡುಗಡೆಗಳನ್ನು ಚೆನ್ನಾಗಿಯೇ ನಡೆಸುತ್ತ ಬಂದಿವೆ. ರಕ್ತದಾನ ಶಿಬಿರಗಳನ್ನೂ ಮಾಡುತ್ತವೆ. ಅದರ ಜೊತೆಗೆ ಒಂದು ಸಣ್ಣ ಕೆಲಸವನ್ನು ಭಾಷೆ ಬಲ್ಲ ನಾವು ಮಾಡಬಹುದು. ಒಂದೇ ಹಾಳೆಯಲ್ಲಿ ನಮ್ಮ ಜನ ಕಾಯಿಲೆಯಲ್ಲಿ ಆಡುವ ಪದಗಳನ್ನು ಬರೆದು, ಎದುರಿಗೆ ಮರಾಠಿ, ಹಿಂದಿ ಅರ್ಥಗಳನ್ನು ಕೊಟ್ಟು, ಉಪನಗರದ ಅಪಘಾತ ವಿಭಾಗಗಳಿಗೆ ತಲುಪಿಸುವುದು. ಎಣ್ಣಿ ಎಂದರೆ ಮದ್ಯವಿರಬಹುದು, ಕೀಟನಾಶಕವಿರಬಹುದು, ಕೇಳಿರಿ. ಮದ್ದು ಕುಡಿದ ಎಂದರೆ ಔಷಧಿ ತೆಗೆದುಕೊಂಡ ಎಂದಷ್ಟೇ ಅಲ್ಲ. ಸಂಕಟ ಎಂದರೆ ದುಃಖವೂ ಹೌದು, ಹೊಟ್ಟೆ ತೊಳಸುವುದೂ ಹೌದು. ನಂಜು ಎಂದರೆ ವಿಷವೂ ಹೌದು, ಕೀವುಗಟ್ಟಿದ ಗಾಯವೂ ಹೌದು. ಹಾಳೆಯ ಕೆಳಗೆ ರಾತ್ರಿ ಎಬ್ಬಿಸಿದರೂ ಬೇಸರಿಸದ ನಾಲ್ಕು ಜನರ ದೂರವಾಣಿ ಸಂಖ್ಯೆಗಳಿರಲಿ. ನನ್ನದನ್ನು ಮೊದಲು ಬರೆಯಿರಿ. ನಿವೃತ್ತನಿಗೆ ಹೇಗೂ ನಿದ್ರೆ ಕಡಿಮೆ.