ಹೊರಡೋ ಮುಂಚೆ ಒಂದ್ಸಲ ನೋಡಿ

2020–21ರಲ್ಲಿ ನಮ್ಮೂರು ಕೋಡ್ಲಾ ಕಡೆಯಿಂದ ನನಗೆ ಬರ್ತಿದ್ದ ಫೋನುಗಳಲ್ಲಿ ಕುಶಲ ವಿಚಾರ ಕಡಿಮೆ, ರೂಲ್ಸ್ ವಿಚಾರ ಜಾಸ್ತಿ. "ತಮ್ಮಾ, ಮುಂಬೈದಿಂದ ಊರಿಗಿ ಬರ್ಲಾಕ ಏನೇನ್ ಕಾಗದ ಬೇಕು? ನೀ ಕಂಪ್ಯೂಟರ್ ಓದ್ದಾಂವ, ನೋಡಿ ಹೇಳು." ಬಿಇ ಓದಿದವನಿಗೆ ಸರ್ಕಾರದ ಆದೇಶವೂ ತಿಳಿಯುತ್ತೆ ಅನ್ನೋದು ನಮ್ಮ ಕಡೆಯವರ ನಂಬಿಕೆ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎಷ್ಟೋ ಮಂದಿ ಕಟ್ಟಡ ಕೆಲಸಕ್ಕೆ ಮುಂಬೈ, ಪುಣೆ, ಹೈದರಾಬಾದಿಗೆ ಹೋಗ್ತಾರೆ. ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು 2020ರ ಮಾರ್ಚ್‌ನಲ್ಲಿ, ನಮ್ಮದೇ ಕಲಬುರಗಿಯಲ್ಲಿ. ಸೌದಿಯಿಂದ ಬಂದಿದ್ದ 76 ವರ್ಷದ ಹಿರಿಯರು. ಆಮೇಲೆ "ಎಲ್ಲಿಂದ ಬಂದ್ರಿ?" ಅನ್ನೋ ಮಾತಿನಲ್ಲಿ ಅಕ್ಕರೆಗಿಂತ ಹೆದರಿಕೆಯೇ ಹೆಚ್ಚಾಯ್ತು. ಮೇ ತಿಂಗಳಲ್ಲಿ ಮುಂಬೈನಿಂದ ಮರಳಿದವರು ಶಾಲೆಗಳಲ್ಲಿ ಕ್ವಾರಂಟೈನ್ ಇದ್ರು. ಅಲ್ಲಿಗೆ ಬಂದು ಮುಟ್ಟೋಕೂ ಸೇವಾ ಸಿಂಧುವಿನಲ್ಲಿ ಪಾಸ್ ತಗೋಬೇಕು.

ರೂಲ್ಸ್ ಒಂದೇ ಕಡೆ ನಿಲ್ಲುತ್ತಿರಲಿಲ್ಲ. 2021ರ ಜೂನ್ ಕೊನೆಗೆ, ಮಹಾರಾಷ್ಟ್ರದಿಂದ ಬರೋರಿಗೆ ಒಂದು ಡೋಸ್ ಲಸಿಕೆಯ ಸರ್ಟಿಫಿಕೇಟ್ ಇದ್ರೆ ಸಾಕಿತ್ತು. ಜುಲೈ 31ಕ್ಕೆ ಬಂದ ಆದೇಶದಲ್ಲಿ ಲಸಿಕೆ ಆಗಿದ್ರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಕಡ್ಡಾಯ ಆಯ್ತು. ಹೋದ ತಿಂಗಳು ಅಣ್ಣ ದಾಟಿ ಬಂದ ಗಡಿಯಲ್ಲಿ ಈ ತಿಂಗಳು ತಮ್ಮ ಸಿಕ್ಕಿಬೀಳ್ತಾನೆ. "ಅಂವಗ ಬಿಟ್ರು, ನನಗ್ಯಾಕ ಬಿಡಂಗಿಲ್ಲ?" ಅಂದ್ರೆ ಏನು ಉತ್ತರ ಕೊಡೋದು?

ಹೊರದೇಶದ ಕತೆಯೂ ಹಾಗೇ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕೋವಿಶೀಲ್ಡ್ ಒಪ್ಪಿತು, ಭಾರತದ ಸರ್ಟಿಫಿಕೇಟ್ ಮಾತ್ರ ಒಪ್ಪಲಿಲ್ಲ. ಭಾರತವೂ ಅಲ್ಲಿಂದ ಬರೋ ಬ್ರಿಟನ್ ಪ್ರಜೆಗಳಿಗೆ ಹತ್ತು ದಿನದ ಕ್ವಾರಂಟೈನ್ ಹಾಕ್ತು. ಅಕ್ಟೋಬರ್ 11ರಿಂದ ಬ್ರಿಟನ್ ಒಪ್ಪಿಕೊಂಡಿತು. ಆ ಕೆಲವೇ ವಾರಗಳಲ್ಲಿ ಆನ್‌ಸೈಟ್ ಹೋದವರನ್ನ ಕೇಳಿ ನೋಡಿ.

ಇಷ್ಟೆಲ್ಲ ಓದಿ ಓದಿ ನನಗೆ ಉಳಿದದ್ದು ಮೂರು ಪ್ರಶ್ನೆ. ಒಂದು, ಆದೇಶ ಯಾರದ್ದು, ಯಾವ ತಾರೀಖಿನದು? ವಾಟ್ಸಾಪಿನಲ್ಲಿ ಹರಿದಾಡೋ ಪಿಡಿಎಫ್‌ಗೂ ತಾರೀಖು ಇರುತ್ತೆ, ಮೊದಲು ಅದನ್ನ ನೋಡಿ. ಎರಡು, 72 ಗಂಟೆ ಎಲ್ಲಿಂದ ಎಲ್ಲಿವರೆಗೆ? ಟೆಸ್ಟ್ ಮಾಡಿಸಿದ್ದರಿಂದಲೋ, ವರದಿ ಬಂದದ್ದರಿಂದಲೋ, ಹೊರಡೋವರೆಗೋ, ತಲುಪೋವರೆಗೋ? ಮೂರು, ವಾಪಸ್ ಬರುವಾಗ ಏನು ಕೇಳ್ತಾರೆ?

ಈ ಮೂರನೇದನ್ನ ಬಹಳ ಜನ ಮರೀತಾರೆ. ಕೋವಿಡ್ ರೂಲ್ಸ್ ಹೋದವು, ಹಳದಿ ಜ್ವರದ್ದು ಇನ್ನೂ ಇದೆ. ಕೀನ್ಯಾಕ್ಕೆ ಹೋಗಿ ಬರೋರು ಭಾರತಕ್ಕೆ ಮರಳುವಾಗ ಅದರ ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೇ ಅದು ಊರ್ಜಿತ. ಇಲ್ಲದಿದ್ರೆ ಆರು ದಿನದವರೆಗೆ ಕ್ವಾರಂಟೈನ್. ಟಿಕೆಟ್ ಬುಕ್ ಮಾಡೋ ದಿನವೇ ನೋಡಿದ್ರೆ ಸಮಯ ಇರುತ್ತೆ. ಹಿಂದಿನ ರಾತ್ರಿ ಬ್ಯಾಗ್ ತುಂಬುವಾಗ ನೋಡಿದ್ರೆ ಏನೂ ಮಾಡೋಕಾಗಲ್ಲ.

ನಮ್ಮಂಥವರಿಗೆ ಒಂದು ರೂಲ್ ತಪ್ಪಿದ್ರೆ ಟಿಕೆಟ್ ದುಡ್ಡು ಹೋಗುತ್ತೆ, ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿದ್ರೆ ಮುಗೀತು. ಗಾರೆ ಕೆಲಸದವನಿಗೆ ಕೂಲಿ ಹೋಗುತ್ತೆ, ಚೆಕ್‌ಪೋಸ್ಟಿನಲ್ಲಿ ಹೆಂಡ್ತಿ ಮಕ್ಕಳ ಮುಂದೆ ಮರ್ಯಾದೆಯೂ ಹೋಗುತ್ತೆ. ರೋಗ ತಡೆಯೋಕೆ ರೂಲ್ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಸ್ಮಾರ್ಟ್‌ಫೋನು, ಓಟಿಪಿ, ಇಂಗ್ಲಿಷ್ ಮೂರೂ ಇದ್ದವರಿಗೆ ಮಾತ್ರ ತಿಳಿಯೋ ರೂಲ್ ಅರ್ಧ ಊರಿಗೆ ತಲುಪೋದೇ ಇಲ್ಲ. ಮುಂದಿನ ಸಲ ಇಂಥ ಆದೇಶ ಬಂದಾಗ ಅದರ ಮೊದಲ ಪ್ರತಿ ಕನ್ನಡದಲ್ಲಿ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಲಿ. ವೆಬ್‌ಸೈಟಿಗೆ ಆಮೇಲೆ ಹಾಕಿದ್ರೂ ನಡೆಯುತ್ತೆ.