ಹಸುರು ಗೆರೆಯ ಎರಡು ಘಂಟೆ

ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ನಮ್ಮ ಮಗಳ ಸಂಸಾರವಿರುವುದರಿಂದ ಅಲ್ಲಿ ಕೆಲವು ದಿನ ತಂಗುವ ಪ್ರಸಂಗ ನಮಗೊದಗಿತು. ಆ ಊರಿನ ನಡುಭಾಗದಲ್ಲಿ ಮೋಟಾರು ನಿಲ್ಲಿಸಬೇಕಾದರೆ ಮೊದಲು ನೆಲವನ್ನು ನೋಡಬೇಕು. ಹಳದಿ ಗೆರೆಯಿದ್ದಲ್ಲಿ ಬಿಟ್ಟುಹೋಗಕೂಡದು. ನೀಲಿ ಗೆರೆಯೊಳಗೆ ಹಣ ತೆತ್ತು ಯಾರು ಬೇಕಾದರೂ ನಿಲ್ಲಿಸಬಹುದು. ಸಾಮಾನ್ಯವಾಗಿ 4 ಘಂಟೆ ಮಿತಿ. ಹಸುರು ಗೆರೆ ಮುಖ್ಯವಾಗಿ ಪರವಾನಗಿ ಪಡೆದ ಆ ಕೇರಿಯವರದು; ಹೊರಗಿನವರಿಗೆ ಎರಡೇ ಘಂಟೆ. ಬೀದಿಬದಿಯ ಯಂತ್ರಕ್ಕೆ ಗಾಡಿಯ ನಂಬರನ್ನು ತಿಳಿಸಬೇಕು. ಹೊಗೆ ಹೆಚ್ಚು ಕಾರುವ ಗಾಡಿಗೆ ದರವೂ ಹೆಚ್ಚು, ಇದು ನ್ಯಾಯವೇ ಸರಿ. ಶನಿವಾರ ಈ ಕಟ್ಟಳೆ ಮಧ್ಯಾಹ್ನ 3 ಘಂಟೆಗೆ ಮುಗಿಯುತ್ತದೆ. ಭಾನುವಾರ ಇಲ್ಲವೇ ಇಲ್ಲ.

ಒಂದು ಶನಿವಾರ ಅಳಿಯಂದಿರ ಸ್ನೇಹಿತರೊಬ್ಬರು ಕುಟುಂಬಸಮೇತರಾಗಿ ಊಟಕ್ಕೆ ಬಂದರು. ನೀಲಿಯಲ್ಲಿ ತೆರಪು ಸಿಕ್ಕದೆ ಹಸುರಿನಲ್ಲಿ ನಿಲ್ಲಿಸಿದ್ದರು. ಮಾತುಕತೆ ಮುಗಿದು, ಊಟಕ್ಕೆ ಕುಳಿತು, ಪಾಯಸ ಬಡಿಸುವಷ್ಟರಲ್ಲಿ ಅವರು ಗಡಿಯಾರ ನೋಡತೊಡಗಿದರು. ಉಣ್ಣುವ ಅತಿಥಿಯನ್ನು ಎಬ್ಬಿಸುವುದೂ ಒಂದು ಕಾನೂನೇ ಎಂದು ನಮ್ಮ ಮನೆಯವರು ಬಹಳ ನೊಂದುಕೊಂಡರು.

ಆದರೆ ದಿನವೂ ಸಂಜೆ ಅಳಿಯಂದಿರು ದಣಿದು ಬಂದಾಗ ಮನೆಯ ಸಮೀಪದಲ್ಲಿ ಅವರ ಗಾಡಿಗೆ ಸ್ಥಳ ದೊರೆಯುತ್ತಿದ್ದುದು ಅದೇ ಗೆರೆಯ ಕೃಪೆಯಿಂದ. ಮಗಳು ಇದನ್ನು ಮೆಲ್ಲನೆ ತಿಳಿಸಿದಳು. ತಾಯಿ ಉತ್ತರ ಹೇಳಲಿಲ್ಲ. ಮುಂದಿನ ಆಮಂತ್ರಣವನ್ನು ಭಾನುವಾರಕ್ಕೆ ಗೊತ್ತುಮಾಡಿದರು.